ಫಕೀರವ್ವ ಕುಳಿತುಕೊಳ್ಳದ ಕುರ್ಚಿ

ನಾನು ಸಾಗವಾನಿ ಮರದ ಒಂದು ಕುರ್ಚಿ. ನನ್ನ ಎರಡೂ ಕೈಗಳ ಮೇಲೆ ಎರಡೆರಡು ಸೀಳುಗಳಿವೆ. ನೋಡಿದವರಲ್ಲಿ ಕೆಲವರು ಅವನ್ನು ಹುಳು ತಿಂದ ಜಾಗ ಎಂದುಕೊಳ್ಳುತ್ತಾರೆ. ಹುಳು ಅಷ್ಟು ನೇರವಾಗಿ ತಿನ್ನುವುದಿಲ್ಲ. ಅವನ್ನು ಉಳಿ ಹಿಡಿದು ಕೊರೆದವನು ಮೋನಪ್ಪ ಬಡಿಗೇರ.

ನಾನು ಹುಟ್ಟಿದ್ದು ಆಸ್ಪತ್ರೆಯ ಹಿಂಗೋಡೆಗೆ ಆನಿಸಿ ಕಟ್ಟಿದ ತಗಡಿನ ಚಪ್ಪರದಲ್ಲಿ. ಊರ ಜನ ಆ ಆಸ್ಪತ್ರೆಯನ್ನು ಹುಚ್ಚರ ದವಾಖಾನೆ ಎನ್ನುತ್ತಿದ್ದರು. ಆಗಿನ ಡಾಕ್ಟರ್ ಸಾಹೇಬರು ಒಂದು ಹಾಳೆಯ ಮೇಲೆ ನನ್ನ ಚಿತ್ರ ಬರೆದು ಕೊಟ್ಟಿದ್ದರು. ಅಗಲವಾದ ಕೈಗಳು, ಭಾರವಾದ ಕಾಲುಗಳು, ಚರ್ಮದ ಪಟ್ಟಿ ಹಾದುಹೋಗಲು ಸೀಳುಗಳು. ಕೆಲಸ ಮುಗಿದ ದಿನ ಮೋನಪ್ಪ ತಾನೇ ಕುಳಿತು, ಪಟ್ಟಿ ಬಿಗಿಯಲು ವಾರ್ಡಿನ ಸೇವಕ ದಾವಲಸಾಬನಿಗೆ ಹೇಳಿದ. ಬಿಗಿದ ಮೇಲೆ ಏಳಲು ನೋಡಿದ. ಆಗಲಿಲ್ಲ.

‘ಬಿಚ್ಚೋ ಮಾರಾಯಾ,’ ಎಂದ. ‘ನನ್ನ ಕೈಲೆ ಎಂಥಾದ್ದು ಮಾಡಿಸ್ಯಾರ ನೋಡು.’

‘ಪಗಾರ ತಗೊಳೂ ದಿನಾ ಬಿಚ್ಚತೀನಿ ತಡಿ,’ ಎಂದು ದಾವಲಸಾಬ ನಕ್ಕ. ಆಮೇಲೆ ಬಿಚ್ಚಿದ. ಮೋನಪ್ಪ ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು ಹೋದ. ನನ್ನನ್ನು ಮತ್ತೆ ನೋಡಲು ಬರಲಿಲ್ಲ.

ಹನ್ನೊಂದು ವರ್ಷ ನಾನು ಆ ಕೆಲಸ ಮಾಡಿದೆ. ಕೂಗುವವರನ್ನು ತಂದು ಕೂರಿಸುತ್ತಿದ್ದರು. ಕೂಗು ನಿಂತ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದರು. ಕೂಗು ನಿಂತದ್ದನ್ನೇ ಗುಣವೆಂದು ಎಣಿಸುವ ಕಾಲ ಅದು. ನನಗೆ ಬೇರೇನೂ ತಿಳಿದಿರಲಿಲ್ಲ. ಅಂಗೈಯ ಬೆವರು ಮರಕ್ಕೆ ಇಳಿಯುತ್ತದೆ. ನನ್ನ ಕೈಗಳ ತುದಿ ಕಪ್ಪಾದದ್ದು ಹಾಗೆ.

ನಂತರ ಬಂದ ಸಾಹೇಬರು ಪಟ್ಟಿಗಳನ್ನು ತೆಗೆಸಿದರು. ಪಕ್ಕದ ಕೋಣೆಗೆ, ರೋಗಿಗಳ ತಲೆಗೆ ಕರೆಂಟು ಕೊಡುವ ಪೆಟ್ಟಿಗೆ ಬಂತು. ಕೆಲವು ವರ್ಷಗಳಲ್ಲಿ ಗುಳಿಗೆಗಳು ಬಂದವು, ವಾರ್ಡು ಮೊದಲಿಗಿಂತ ಮೆಲ್ಲಗಾಯಿತು. ನನ್ನನ್ನು ತೊಳೆದು, ಸಾಹೇಬರ ಮೇಜಿನ ಮುಂದೆ, ಹೊಸ ರೋಗಿಗಳಿಗೆಂದು ಹಾಕಿದರು. ಮೇಜು ಎತ್ತರ, ನಾನು ತಗ್ಗು. ಕೂತವರು ಕತ್ತು ಎತ್ತಿ ಮಾತಾಡಬೇಕಿತ್ತು. ಪಕ್ಕದ ಬೆಂಚು ಜೊತೆಯಲ್ಲಿ ಬಂದ ಪಾಲಕರಿಗೆ. ಸಾಹೇಬರು ನನ್ನಲ್ಲಿ ಕೂತವರನ್ನು ನೋಡಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಯಾವಾಗಲೂ ಬೆಂಚಿನ ಕಡೆಯಿಂದ ಬರುತ್ತಿತ್ತು.

ಫಕೀರವ್ವನನ್ನು ಅವಳ ಮಾವ ಅಡಿವೆಪ್ಪ ಕರೆತಂದದ್ದು ಒಂದು ಸೋಮವಾರ. ಅವಳಿಗೆ ಇಪ್ಪತ್ತು ದಾಟಿರಲಿಲ್ಲ. ಗಂಡನಿಗೆ ಹುಬ್ಬಳ್ಳಿಯ ಗಿರಣಿಯಲ್ಲಿ ಪಾಳಿ ಇತ್ತು, ಅವನು ಬಂದಿರಲಿಲ್ಲ.

‘ಕುಂದರವ್ವಾ,’ ಎಂದು ಸಾಹೇಬರು ನನ್ನತ್ತ ಕೈ ತೋರಿಸಿದರು.

ಅವಳು ಕೂರಲಿಲ್ಲ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ನನ್ನ ಬೆನ್ನಿನ ಹಿಂದೆ ಸರಿದು ನಿಂತಳು. ಅವಳ ಬೆರಳುಗಳು ನನ್ನ ಬೆನ್ನಪಟ್ಟಿಯ ಮೇಲಿದ್ದವು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇತ್ತು.

‘ಏನ ಆಗ್ಯದ?’

‘ಆರ ತಿಂಗಳ ಆತ್ರಿ ಸಾಹೇಬ್ರ,’ ಎಂದ ಅಡಿವೆಪ್ಪ. ‘ಜ್ವರಾ ಬಂದಿತ್ತು. ಕೂಸಿಗೂ ಬಂತು, ಈಕಿಗೂ ಬಂತು. ಕೂಸು ಹೋತು. ಈಕಿಗೆ ಎಂಟ ದಿನಾ ಮೈಮ್ಯಾಲೆ ಖಬರ ಇರಲಿಲ್ಲ. ಎದ್ದ ಮ್ಯಾಲೆ ಹಿಂಗ. ಹೊಲದಾಗ, ಹಳ್ಳದಾಗ, ಕಂಡ ಕಂಡಲ್ಲೆ ಮಣ್ಣ ಕೆದರತಾಳ. ಮಾತಿಲ್ಲ, ಕತಿ ಇಲ್ಲ.’

ಸಾಹೇಬರು ಅವಳ ಹೆಸರು ಕೇಳಿದರು. ಇದು ಯಾವ ಊರು, ಇವತ್ತು ಯಾವ ವಾರ ಎಂದು ಕೇಳಿದರು. ಅವಳು ನೆಲ ನೋಡುತ್ತಿದ್ದಳು. ಕಾಗದದ ಮೇಲೆ ಟಾಕು ಓಡಿತು. ಬರೆದುದನ್ನು ಅವರು ಗುಮಾಸ್ತನಿಗೆ ಓದಿ ಹೇಳಿದರು: ‘ಕುರ್ಚಿಯಲ್ಲಿ ಕುಳಿತುಕೊಳ್ಳುವುದಿಲ್ಲ. ಪ್ರಶ್ನೆಗೆ ಉತ್ತರವಿಲ್ಲ. ಉದ್ದೇಶವಿಲ್ಲದೆ ಮಣ್ಣು ಅಗೆಯುತ್ತಾಳೆ.’ ಅಡಿವೆಪ್ಪ ಹೆಬ್ಬೆಟ್ಟು ಒತ್ತಿ, ಅವಳನ್ನು ಅಲ್ಲೇ ಬಿಟ್ಟು ಹೋದ.

ಆ ಸೀಮೆಯಲ್ಲಿ ಸೊಸೆ ಮಾವನ ಎದುರು ಕೂರುವುದಿಲ್ಲ. ಅವನೊಂದಿಗೆ ಮಾತಾಡುವುದೂ ಇಲ್ಲ. ತೀರಾ ಹೇಳಲೇಬೇಕಾದದ್ದು ಇದ್ದರೆ ಬಾಗಿಲ ಮರೆಗೆ ನಿಂತು, ಮೂರನೆಯವರಿಗೆ ಹೇಳುವಂತೆ ಹೇಳುತ್ತಾಳೆ. ಮಾವನೂ ಸೊಸೆಯ ಮುಖ ನೋಡಿ ಮಾತಾಡುವುದಿಲ್ಲ. ಇದು ಸಾಹೇಬರಿಗೂ ಗೊತ್ತಿತ್ತು. ಅವರ ಮನೆಯಲ್ಲೂ ಹಾಗೆಯೇ ಇದ್ದಿರಬೇಕು. ಆದರೆ ಮೇಜಿನ ಹಿಂದೆ ಕುಳಿತಾಗ ಮನೆಯ ತಿಳಿವಳಿಕೆ ಯಾರಿಗೂ ನೆನಪಾಗುವುದಿಲ್ಲ. ಇದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ತಿಂಗಳಿಗೊಮ್ಮೆ ತಿಗಣೆ ಸಾಯಲೆಂದು ನನ್ನ ಮೇಲೆ ಕುದಿಯುವ ನೀರು ಸುರಿದು, ಹೆಂಗಸರ ವಾರ್ಡಿನ ಪಡಸಾಲೆಯ ಬಿಸಿಲಿಗೆ ಇಡುತ್ತಿದ್ದರು. ಅಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಫಕೀರವ್ವ ಬಂದು ಒಂದು ವರ್ಷವಾಗಿತ್ತು. ಅಂಥ ಒಂದು ದಿನ ಅವಳ ಧ್ವನಿಯನ್ನು ಮೊದಲ ಬಾರಿ ಕೇಳಿದೆ. ಮೊರದ ಆಚೆ ಕುಳಿತಿದ್ದವಳು ಸಾವಂತ್ರವ್ವ ಎಂಬ ವಯಸ್ಸಾದ ಹೆಂಗಸು.

‘ಮಣ್ಣಾಗ ಏನ ಹುಡುಕತಿದ್ದೆವಾ?’ ಎಂದು ಅವಳು ಕೇಳಿದಳು.

‘ಕೂಸಿನ್ನ.’

‘ಸತ್ತ ಕೂಸಿನ್ನ?’

‘ಎಲ್ಲಿ ಮಣ್ಣ ಮಾಡ್ಯಾರಂತ ನನಗ ಯಾರೂ ಹೇಳಲಿಲ್ಲ. ನನಗ ಖಬರ ಇಲ್ಲದಾಗ ಒಯ್ದಾರ. ಒಯ್ದವರು ಮಾಂವಾರು. ಅವರನ್ನ ಹೆಂಗ ಕೇಳ್ಲಿ?’

‘ನಿನ್ನ ಗಂಡನ್ನ ಕೇಳಬೇಕಿತ್ತು.’

‘ಅವರು ಊರಾಗ ಇರಲಿಲ್ಲ. ಅವರಿಗೂ ಗೊತ್ತಿಲ್ಲ.’

‘ಹಂಗಾರ ದಾವಲಸಾಬಗ ಹೇಳು. ಅಂವಾ ಮುದುಕನ್ನ ಕೇಳ್ಯಾನು.’

‘ಮನಿ ಮಾತು ಎವ್ವಾ. ಹೊರಗಿನ ಗಂಡಸಿನ ಕೈಲೆ ಕೇಳಸೂದು ಹೆಂಗ?’

ಸಾವಂತ್ರವ್ವ ಒಂದು ನೆಲ್ಲು ಆರಿಸಿ ಎಸೆದಳು. ಎಲ್ಲರೂ ಫಕೀರವ್ವನಿಗೆ ಪ್ರಶ್ನೆ ಹಾಕುತ್ತಿದ್ದರು. ಅವಳ ಬಳಿ ಇದ್ದ ಒಂದೇ ಪ್ರಶ್ನೆ ಬಿಸಿಲಿಗಿಟ್ಟ ಒಂದು ಕುರ್ಚಿಗೆ ಮತ್ತು ಒಬ್ಬ ಮುದುಕಿಗೆ ಮಾತ್ರ ಗೊತ್ತಾಯಿತು. ಆ ಮುದುಕಿ ಮಳೆಗಾಲದಲ್ಲಿ ತೀರಿಹೋದಳು.

ವರ್ಷಕ್ಕೊಮ್ಮೆ ಪ್ರತಿ ರೋಗಿಯನ್ನೂ ಮರುಪರೀಕ್ಷೆ ಮಾಡಬೇಕೆಂಬ ನಿಯಮವಿತ್ತು. ಅದು ಪಾಲಕರ ಸಮಕ್ಷಮ ನಡೆಯಬೇಕೆಂಬುದೂ ನಿಯಮದಲ್ಲಿತ್ತು. ಕಾರ್ಡು ಬರೆದು ಅಡಿವೆಪ್ಪನನ್ನು ಕರೆಸುತ್ತಿದ್ದರು. ಅವನು ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅವಳು ನನ್ನ ಹಿಂದೆ ನಿಲ್ಲುತ್ತಿದ್ದಳು. ಸಾಹೇಬರು ಬದಲಾದರು, ಅಕ್ಷರ ಬದಲಾಯಿತು, ಬರೆದ ವಾಕ್ಯ ಅದೇ. ಒಮ್ಮೆ ದಾವಲಸಾಬ ತಡೆಯಲಾರದೆ ಬಾಗಿಲಿನಿಂದಲೇ ಹೇಳಿದ: ‘ಅಕಿ ಮಾತಾಡತಾಳ್ರೀ ಸಾಹೇಬ್ರ. ಅಕ್ಕಿ ಆರಸೂವಾಗ ಚೊಲೋ ಮಾತಾಡತಾಳ.’ ಸಾಹೇಬರು ಅದನ್ನೂ ಬರೆದುಕೊಂಡರು: ‘ಕೆಲವೊಮ್ಮೆ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಾಳೆಂದು ವರದಿ.’ ಆ ವರ್ಷ ಗುಳಿಗೆ ಹೆಚ್ಚಾಯಿತು.

ಹೀಗೆ ಹದಿಮೂರು ವರ್ಷ. ನನ್ನ ಬೆನ್ನಪಟ್ಟಿಯ ಎಡತುದಿ ಅವಳ ಬೆರಳು ತಾಗಿ ನಯವಾಯಿತು ಎಂದರೆ ಯಾರೂ ನಂಬುವುದಿಲ್ಲ. ವರ್ಷಕ್ಕೆ ಅರ್ಧ ಗಂಟೆಯಲ್ಲಿ ಮರ ನಯವಾಗದು. ಆದರೂ ಆ ಜಾಗ ನನಗೆ ಬೇರೆಯಾಗಿಯೇ ಇದೆ.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಇಂದುಮತಿ ನಾಡಿಗೇರ ಬಂದರು. ಬೆಂಗಳೂರಿನಲ್ಲಿ ಎರಡು ವರ್ಷ ಓದಿ, ರೋಗಿಗಳೊಂದಿಗೆ ಮತ್ತು ಮನೆಯವರೊಂದಿಗೆ ಮಾತಾಡುವ ಕೆಲಸಕ್ಕೆ ನೇಮಕಗೊಂಡವರು. ಅಂಥ ಹುದ್ದೆ ಆ ಆಸ್ಪತ್ರೆಗೆ ಹೊಸದು. ‘ಮಾತಾಡೂದಕ್ಕೂ ಪಗಾರ ಕೊಡತಾರಂತ,’ ಎಂದು ಗುಮಾಸ್ತ ನಕ್ಕಿದ್ದ. ಅವರಿಗೆ ಕೋಣೆ ಇರಲಿಲ್ಲ. ಉಗ್ರಾಣದ ಪಕ್ಕದ ಸಣ್ಣ ಜಾಗ ಕೊಟ್ಟರು. ಬೇಡವಾಗಿದ್ದ ಕುರ್ಚಿಯೆಂದು ನನ್ನನ್ನೂ ಕೊಟ್ಟರು.

ಅವರು ಫಕೀರವ್ವನ ಕಡತವನ್ನು ನನ್ನಲ್ಲೇ ಕುಳಿತು ಓದಿದರು. ಎರಡು ಸಲ ಓದಿದರು. ಆಮೇಲೆ ಒಂದೊಂದು ಹಾಳೆಯ ಕೆಳಗೂ ಬೆರಳಿಟ್ಟು ನೋಡಿದರು. ಎಲ್ಲೆಲ್ಲಿ ‘ಉತ್ತರವಿಲ್ಲ’ ಎಂದಿತ್ತೋ ಅಲ್ಲೆಲ್ಲ ಒಂದೇ ಹೆಬ್ಬೆಟ್ಟಿನ ಗುರುತು ಇತ್ತು, ಅಡಿವೆಪ್ಪನದು.

ಮರುದಿನ ಫಕೀರವ್ವನನ್ನು ಒಬ್ಬಳನ್ನೇ ಕರೆಸಿದರು. ಕೂರಲು ಹೇಳಲಿಲ್ಲ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕುಳಿತಳು. ಇಂದುಮತಿ ನನ್ನಿಂದ ಎದ್ದು, ತಾವೂ ನೆಲಕ್ಕೆ ಇಳಿದರು. ಖಾಲಿಯಾದ ನಾನು ಇಬ್ಬರ ನಡುವೆ ಇದ್ದೆ. ಅವರು ಏನೂ ಕೇಳಲಿಲ್ಲ. ಅಷ್ಟು ಹೊತ್ತು ಏನೂ ಕೇಳದೆ ಕೂತವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊರಗೆ ಯಾರೋ ಕೊಡ ತುಂಬಿಸಿಕೊಂಡು ಹೋದರು. ಊಟದ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ.

‘ಮಾಂವಾರು ಬಂದಾರೇನ್ರಿ?’ ಎಂದಳು ಫಕೀರವ್ವ.

‘ಇಲ್ಲವಾ. ಇವತ್ತ ಯಾರೂ ಬಂದಿಲ್ಲ.’

ಅವಳು ಸೆರಗು ಹಿಂದಕ್ಕೆ ಸರಿಸಿದಳು. ಆಮೇಲೆ ಹೇಳಿದಳು. ಹೆಚ್ಚು ಮಾತು ಬೇಕಾಗಲಿಲ್ಲ, ಒಂದೇ ಪ್ರಶ್ನೆ ತಾನೆ. ಇಂದುಮತಿ ಬರೆದುಕೊಳ್ಳಲೂ ಇಲ್ಲ.

ಕಾರ್ಡು ಹೋಯಿತು, ಅಡಿವೆಪ್ಪ ಬಂದ. ಎಪ್ಪತ್ತರ ಹತ್ತಿರದವನು, ಕೋಲು ಹಿಡಿದಿದ್ದ. ಅಲ್ಲಿ ಬೆಂಚು ಇರಲಿಲ್ಲ.

‘ಇದರಾಗ ಕೂಡ್ರಿ ಅಜ್ಜಾರ,’ ಎಂದರು ಇಂದುಮತಿ.

‘ಇದು ಹುಚ್ಚರ ಕುರ್ಚಿ ಅಲ್ಲೇನ್ರಿ ಬಾಯಾರ?’

‘ನಾನೂ ಅದರಾಗ ಕೂಡತೀನ್ರಿ.’

‘ಹಂಗಾರ ಅಡ್ಡಿ ಇಲ್ಲ. ನೀವೂ ನಾವೂ ಕೂಡೇ ಹುಚ್ಚರಾದ್ವಿ,’ ಎಂದು ಅವನು ಮೆಲ್ಲಗೆ ನನ್ನಲ್ಲಿ ಇಳಿದ. ಅವನ ತೂಕ ಕಡಿಮೆ ಇತ್ತು. ಅವನ ಅಂಗೈಗಳು ನನ್ನ ಕೈಗಳ ಮೇಲೆ ಬಂದವು.

ಇಂದುಮತಿ ಉಗ್ರಾಣದ ಬಾಗಿಲನ್ನು ಅರ್ಧ ಮುಚ್ಚಿದರು. ಫಕೀರವ್ವ ಅದರ ಮರೆಯಲ್ಲಿ ಮೊದಲೇ ನಿಂತಿದ್ದಳು. ಬಳೆಯ ಸದ್ದಾಯಿತು. ಅಡಿವೆಪ್ಪ ಕಣ್ಣು ತಗ್ಗಿಸಿದ.

‘ಬಾಯಾರ,’ ಎಂದಿತು ಬಾಗಿಲಿನ ಆಚೆಯ ಧ್ವನಿ. ‘ಕೂಸಿನ್ನ ಎಲ್ಲಿ ಇಟ್ಟಾರಂತ ಕೇಳ್ರಿ.’

ಮುದುಕನ ಬೆರಳುಗಳು ನನ್ನ ಸೀಳುಗಳನ್ನು ಹುಡುಕಿ ಅವುಗಳೊಳಗೆ ಸಿಕ್ಕಿಕೊಂಡವು. ಹನ್ನೊಂದು ವರ್ಷ ಪಟ್ಟಿ ಬಿಗಿದ ಜಾಗಗಳು ಅವು. ಅವನನ್ನು ಯಾರೂ ಕಟ್ಟಿರಲಿಲ್ಲ. ಆದರೂ ಬಹಳ ಹೊತ್ತು ಅವನು ಅಲುಗಲಿಲ್ಲ.

‘ಹಳ್ಳದ ದಂಡ್ಯಾಗ ಬನ್ನಿಗಿಡ ಐತಿ,’ ಎಂದ ಕೊನೆಗೆ, ಇಂದುಮತಿಯನ್ನು ನೋಡುತ್ತ. ‘ಅದರ ಮೂಡಣ ಬಾಜೂ. ನಾನ ಎತ್ತಿಕೊಂಡ ಹೋಗಿ ಇಟ್ಟ ಬಂದೀನಿ. ಒಂದು ಕಲ್ಲ ನಿಲ್ಲಿಸೀನಿ. ಬಿಳೇ ಕಲ್ಲು.’ ಸ್ವಲ್ಪ ತಡೆದು ಹೇಳಿದ: ‘ಅಕಿ ಕೇಳಲೇ ಇಲ್ಲಂತ ಹೇಳ್ರಿ. ನಾ ಅಕಿಗೆ ಹೆಂಗ ಹೇಳ್ಲಿ?’

ಇಂದುಮತಿ ಆ ಮಾತನ್ನು ಬಾಗಿಲ ಆಚೆಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಬಾಗಿಲು ಅರ್ಧವೇ ಮುಚ್ಚಿತ್ತು.

‘ಬನ್ನಿಗಿಡದ ಬುಡಕ ನಾ ಕೆದರಿರಲಿಲ್ಲ,’ ಎಂದಳು ಫಕೀರವ್ವ. ಅದು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ.

ಅಡಿವೆಪ್ಪ ಎದ್ದು ಹೋದ. ಹೊರಬಾಗಿಲಲ್ಲಿ ನಿಂತು, ಮಗ ಬೇರೆ ಮದುವೆಯಾಗಿದ್ದಾನೆ, ಮನೆಗೆ ಕರೆದೊಯ್ಯಲಾಗದು ಎಂದು ಇಂದುಮತಿಗೆ ಹೇಳಿದ. ಅದು ಅವಳಿಗೂ ಕೇಳಿಸಿತು.

ಎರಡು ತಿಂಗಳ ಮೇಲೆ, ಇಂದುಮತಿ ಬರೆದ ಕಾರ್ಡು ಕಂಡು, ಅವಳ ಅಣ್ಣ ಕರೆದೊಯ್ಯಲು ಬಂದ. ತವರೂರಿಗೆ ಹೋಗುವ ಮೊದಲು ಹಳ್ಳದ ದಾರಿಯಲ್ಲಿ ಹೋಗಬೇಕೆಂದು ಅವಳು ಹೇಳಿದಳು, ಅವನು ಒಪ್ಪಿದ. ಗಂಟು ಕಟ್ಟಿಕೊಂಡು ನನ್ನ ಕೋಣೆಗೆ ಬಂದಳು. ಇಂದುಮತಿ ಬಿಡುಗಡೆಯ ಕಾಗದಕ್ಕೆ ಸಹಿ ತರಲು ಹೋಗಿದ್ದರು. ಅವಳು ಸುತ್ತ ನೋಡಿ ನನ್ನಲ್ಲಿ ಕುಳಿತಳು. ಗಂಟು ತೊಡೆಯ ಮೇಲಿತ್ತು. ಸೆರಗನ್ನು ಒಮ್ಮೆ ಬಿಚ್ಚಿ ಸರಿಯಾಗಿ ಹೊದ್ದುಕೊಳ್ಳುವಷ್ಟು ಹೊತ್ತು ಕುಳಿತಿದ್ದಳು. ಹೆಜ್ಜೆಯ ಸದ್ದಿಗೆ ಎದ್ದಳು. ಇದು ಯಾವ ಕಡತದಲ್ಲೂ ಇಲ್ಲ.

ಆಮೇಲಿನ ಕಾಲ ಬೇಗ ಹೋಯಿತು. ಆಸ್ಪತ್ರೆಯ ಹೆಸರು ಎರಡು ಸಲ ಬದಲಾಯಿತು. ಎತ್ತರದ ಗೋಡೆಯ ಒಂದು ಭಾಗ ಕೆಡವಿದರು. ರೋಗಿಯ ಮಂಚದ ಪಕ್ಕ ಮನೆಯವರಿಗೂ ಮಂಚ ಹಾಕಿದರು. ಆಪ್ತಸಲಹೆ ಎಂಬ ಹೊಸ ಮಾತು ಕೆಲವು ಕೋಣೆಗಳ ಹಲಗೆಗಳ ಮೇಲೆ ಬಂತು. ಆ ಕೋಣೆಗಳಲ್ಲಿ ಮೇಜು ಇರುವುದಿಲ್ಲ. ಒಂದೇ ಎತ್ತರದ ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಹಾಕುತ್ತಾರೆ. ಇಂದುಮತಿ ನಿವೃತ್ತರಾಗುವ ಮೊದಲು ಪರೀಕ್ಷೆಯ ನಮೂನೆಗೆ ಒಂದು ಸಾಲು ಸೇರಿಸಿದ್ದರು: ‘ಸಂಬಂಧಿಕರಿಲ್ಲದೆ ಮಾತನಾಡಿಸಲಾಗಿದೆಯೇ?’ ಆ ಕೆಲಸಕ್ಕೆ ಬಂದಿರುವ ಈಗಿನ ಹುಡುಗಿಯರು ಅದರ ಮುಂದೆ ಗುರುತು ಹಾಕುತ್ತಾರೆ. ಆ ಸಾಲು ಎಲ್ಲಿಂದ ಬಂತೆಂದು ಅವರಿಗೆ ತಿಳಿದಿಲ್ಲ. ತಿಳಿಯದಿದ್ದರೂ ಬಾಗಿಲು ಮುಚ್ಚುತ್ತಾರೆ.

ನಾನೀಗ ಅಂಥ ಒಂದು ಕೋಣೆಯ ಎದುರಿನ ಮೊಗಸಾಲೆಯ ಮೂಲೆಯಲ್ಲಿದ್ದೇನೆ. ನನ್ನ ಪಕ್ಕದ ಗೋಡೆಗೆ ಒಂದು ಫಲಕ ಹಾಕಿದ್ದಾರೆ. ರೋಗಿಗಳನ್ನು ಕಟ್ಟಿಹಾಕಲು ಬಳಸುತ್ತಿದ್ದ ಕುರ್ಚಿ ಎಂದು ಅದರಲ್ಲಿದೆ. ಅದು ಸುಳ್ಳಲ್ಲ. ಕೆಳಗೆ, ಕುಳಿತುಕೊಳ್ಳಬಾರದು ಎಂದೂ ಇದೆ.

ದಿನಾ ಬೆಳಿಗ್ಗೆ ಎದುರಿನ ಬಾಗಿಲು ತೆರೆದು, ‘ನೀವು ಸ್ವಲ್ಪ ಹೊರಗಿರ್ರಿ,’ ಎಂಬ ಮಾತು ಕೇಳಿಸುತ್ತದೆ. ಒಬ್ಬ ಗಂಡನೋ, ಅತ್ತೆಯೋ, ತಂದೆಯೋ ಹೊರಗೆ ಬರುತ್ತಾರೆ. ಅವರ ಹಿಂದೆ ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತು ನಿಂತಿರುತ್ತಾರೆ. ಫಲಕ ಓದುತ್ತಾರೆ, ಇಲ್ಲವೇ ಓದುವುದಿಲ್ಲ. ಕಾಲು ಸೋತ ಮೇಲೆ ನನ್ನಲ್ಲಿ ಕೂರುತ್ತಾರೆ. ಒಳಗೆ ಏನು ಹೇಳುತ್ತಿದ್ದಾರೋ ಎಂದು ಕಿವಿಗೊಡುತ್ತ, ತಮಗೆ ಅರಿವಿಲ್ಲದೆ ಬೆರಳುಗಳನ್ನು ನನ್ನ ಸೀಳುಗಳಲ್ಲಿ ಇಡುತ್ತಾರೆ. ಬಾಗಿಲು ತೆರೆಯುವವರೆಗೂ ಅವರು ಏಳುವುದಿಲ್ಲ.