ಬೀಜದ ಮಡಕೆ

ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಮಗಳು ಹಲ್ಲಿನಿಂದ ಕಚ್ಚಿ ಸಡಿಲಿಸುತ್ತಿದ್ದಳು. ಸೊಸೆ ಮಡಕೆಯನ್ನು ತಬ್ಬಿ ಹಿಡಿದಿದ್ದಳು. ಹೊರಗೆ ಜಗಲಿಯ ಮೇಲೆ ಮುದುಕಿಯ ಹೆಣ, ಅಂಗಳದ ತುಂಬ ಜನ. ನಾದಿನಿ ಅತ್ತಿಗೆಯರಿಗೆ ಜಗಳವಾಡಲು ಇದೇ ಹೊತ್ತು ಸಿಕ್ಕಿತ್ತು.

"ಬಿಡೇ, ಅದು ಬಿತ್ತೋ ಬೀಜ. ಮುಟ್ಟಿದ್ರೆ ಮುಂದಿನ ವರ್ಷ ಮಣ್ಣು ತಿನ್ಬೇಕು."

"ಮಣ್ಣಿಗೆ ಬಂದೋರು ಗಂಜಿನೀರು ಕುಡ್ಕೊಂಡು ಹೋಗ್ಬೇಕಾ ಅತ್ತಿಗೆ? ಜನ ಏನಂದಾರು?"

"ಕಣಜದಲ್ಲಿರೋದನ್ನ ಬೇಯ್ಸೋಣ."

"ಕಣಜದಲ್ಲೇನಿದೆ? ಇಲಿಗೂ ಉಪವಾಸ."

* * *

ಹುಳ ಬಿದ್ದು ಪೈರು ಕೈಕೊಟ್ಟ ವರ್ಷ ಮಗಳಿನ್ನೂ ಸಣ್ಣವಳು. ಸೊಪ್ಪು ಬೇಯಿಸಿದ ನೀರು ಕುಡಿದು, ಅಟ್ಟದ ಕಡೆ ಕೈ ತೋರಿಸಿ ಅತ್ತಿದ್ದಳು: ಅಲ್ಲಿ ಕಾಳಿದೆಯಲ್ಲಮ್ಮಾ. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮಾರನೆಯ ದಿನ ಅಟ್ಟದಲ್ಲಿ ಮಡಕೆಯೇ ಇರಲಿಲ್ಲ. ಅಮ್ಮ ಬಚ್ಚಿಟ್ಟಳೆಂದು ಹುಡುಗಿ ತಿಳಿದಳು. ಆಮೇಲೆ ಮಳೆ ಬಂತು, ಬಿತ್ತಿದರು, ಬೆಳೆಯಿತು. ಮಗಳು ಉಂಡು ದೊಡ್ಡವಳಾಗಿ ಮದುವೆಯಾಗಿ ಹೋದಳು. ಸಿಟ್ಟು ಮಾತ್ರ ಹೋಗಲಿಲ್ಲ. ಹಸಿದ ಹೊಟ್ಟೆಯ ಸಿಟ್ಟು ಅಷ್ಟು ಸುಲಭಕ್ಕೆ ಹೋಗುವುದೂ ಇಲ್ಲ.

* * *

"ಅಮ್ಮನ ಕಲ್ಲೆದೆ ನಿಮಗೂ ಬಂತು," ಎಂದಳು ಮಗಳು. "ಅವತ್ತು ನಾನು ಅತ್ರೂ ಕೊಡ್ಲಿಲ್ಲ. ಇವತ್ತು ಅವಳ ಹೆಸರಲ್ಲಾದ್ರೂ ಕೊಡಿ."

ಪಕ್ಕದ ಮನೆಯ ಸೂಲಗಿತ್ತಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಸತ್ತವಳ ಓರಗೆಯವಳು, ಈ ಮಗಳ ಹೊಕ್ಕುಳಬಳ್ಳಿ ಕತ್ತರಿಸಿದವಳೂ ಅವಳೇ.

"ಅವತ್ತು ಮಡಕೆ ನಮ್ಮನೇಲಿತ್ತು ಮಗಾ. ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ, ನಾನೇ ಬಂದು ಕೇಳಿದ್ರೂ ಕೊಡಬೇಡ ಅಂತ ನಿಮ್ಮಮ್ಮನೇ ತಂದಿಟ್ಲು."

ಮಗಳ ಕೈ ಗಂಟಿನ ಮೇಲೇ ನಿಂತಿತು. "ಬಂದು ಕೇಳಿದ್ಲಾ?"

"ಕೇಳ್ದೆ ಇರ್ತಾಳಾ? ಬಂದ್ಲು, ಮತ್ತೆ ಬಂದ್ಲು. ಕೊನೆಗೆ ಕಾಲು ಹಿಡಿದ್ಲು, ಮಗು ಅಳ್ತಿದೆ, ಒಂದೇ ಒಂದು ಹಿಡಿ ಕೊಡೇ ಅಂತ. ನಾನು ಬಾಗಿಲು ಹಾಕ್ಕೊಂಡೆ. ಬೈಯೋದಿದ್ರೆ ನನ್ನ ಬೈಯಿ."

ಮಗಳು ಬೈಯಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಬಂತು. ಸೊಸೆ ಕಣಜದ ತಳ ಕೆರೆದು ತಂದು ಕುದಿಯುವ ನೀರಿಗೆ ಸುರಿದಳು. ಗಂಜಿ ತೆಳ್ಳಗಾಯಿತು.

ಹೆಣ ಎತ್ತುವ ಹೊತ್ತಿಗೆ ಮಗಳು ಗಂಟು ಬಿಗಿದು, ಮಡಕೆಯನ್ನು ಸೂಲಗಿತ್ತಿಯ ಸೊಂಟಕ್ಕೆ ಏರಿಸಿದಳು.

"ಬಿತ್ತನೆ ತನಕ ಇಟ್ಕೊಳ್ಳಿ ದೊಡ್ಡಮ್ಮ. ನಾನು ಕೇಳಿದ್ರೂ ಕೊಡಬೇಡಿ."

"ನಿಮ್ಮಮ್ಮಂಗೇ ಕೊಡ್ಲಿಲ್ಲ, ನೀನ್ಯಾವ ಲೆಕ್ಕ," ಎಂದು ಸೂಲಗಿತ್ತಿ ಮೂಗೊರೆಸಿಕೊಂಡಳು.

ಜನ ಹೆಣ ಹೊತ್ತು ಹೊಲದ ಕಡೆ ನಡೆದರು. ಸೂಲಗಿತ್ತಿ ಮಡಕೆ ಹೊತ್ತು ತನ್ನ ಮನೆಗೆ ಹೋಗಿ, ಒಳಗಿನಿಂದ ಅಗುಳಿ ಹಾಕಿಕೊಂಡಳು.