ಎಮ್ಮೆ ಹೊಂಡದ ಹಬೆ

ಯುದ್ಧದ ಆ ವರ್ಷಗಳಲ್ಲಿ ಪೆಟ್ರೋಲು ಸಿಪಾಯಿಗಳ ಪಾಲಾಗಿತ್ತು, ಹೊಗೆ ನಮ್ಮ ಪಾಲಾಗಿತ್ತು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಹುಟ್ಟಿದ ಗ್ಯಾಸನ್ನು ಉದ್ದನೆಯ ಕೊಳವೆಯಲ್ಲಿ ಮುಂದಿನ ಇಂಜಿನ್ನಿಗೆ ಕಳಿಸುತ್ತಿದ್ದರು. ಕೊಳವೆ ಹಾದುಹೋಗುತ್ತಿದ್ದುದು ಬೆಂಚುಗಳ ಕೆಳಗೆ. ಹೀಗಾಗಿ ನಾವು ಕುಳಿತದ್ದು ಬಸ್ಸಿನಲ್ಲಿ ಎನ್ನುವುದಕ್ಕಿಂತ ಒಲೆಯ ಮೇಲೆ ಎನ್ನುವುದೇ ಸರಿ. ಮೇಲೆ ಬೇಸಿಗೆಯ ಬಿಸಿಲು, ಒಳಗೆ ಬೀಡಿ, ಬೆವರು, ಯಾರದೋ ಬುಟ್ಟಿಯ ಒಣಮೀನು, ಕಾಲ ಕೆಳಗೆ ಎಲೆಯಡಿಕೆಯ ಉಗುಳು. ಗಬ್ಬೂರು ಇನ್ನೂ ದೂರವಿದ್ದರೂ ಗಬ್ಬು ಆಗಲೇ ಬಂದಿತ್ತು.

ಕಡೆಯ ಬೆಂಚಿನಲ್ಲಿ ನನ್ನ ಪಕ್ಕ ಹಂಪಯ್ಯ ಕುಳಿತಿದ್ದ. ಮಾನ್ವಿ ತಾಲೂಕಿನ ಕುರ್ಡಿಯವನು, ಊರ ಹೊರಗಿನ ಕೇರಿಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲನೆಯವನು. ದೇವದುರ್ಗದ ಶಾಲೆಯಲ್ಲಿ ಅವನಿಗೆ ಮಾಸ್ತರಿಕೆ ಸಿಕ್ಕಿತ್ತು. ನೇಮಕದ ಹುಕುಮು ಊರೂರು ಸುತ್ತಿ ಅವನ ಕೈ ಸೇರುವಾಗ ಗಡುವು ತೀರುತ್ತ ಬಂದಿತ್ತು. ಅಂದು ಗುರುವಾರ, ಹಾಜರಾಗಲು ಕಡೆಯ ದಿನ. ಮರುದಿನ ಜುಮ್ಮಾ, ಕಚೇರಿಗೆ ರಜೆ. ಸಂಜೆ ಬಾಗಿಲು ಹಾಕುವುದರೊಳಗೆ ಅಲ್ಲಿನ ಅಹಲಕಾರನ, ಅಂದರೆ ಗುಮಾಸ್ತನ, ಮುಂದೆ ನಿಂತು ದಸ್ತಖತ್ತು ಹಾಕದಿದ್ದರೆ ಕೆಲಸ ಸರದಿಯ ಮುಂದಿನವನಿಗೆ. ಇದನ್ನೆಲ್ಲ ಅವನು ಮೆಲ್ಲಗೆ ಹೇಳಿದ್ದ. ಮೈಮೇಲೆ ಮಡಿಕೆ ಕೆಡದ ಬಿಳಿ ಧೋತರ, ಮಾವ ಮದುವೆಗೆ ಹೊಲಿಸಿದ ಕೋಟು. ಕೋಟು ಕೊಳೆಯಾದೀತೆಂದು ಹಿಂದಕ್ಕೂ ಒರಗದೆ ಕಂಬದಂತೆ ಕುಳಿತಿದ್ದ. ನಾನು ಆಗಲೇ ಅವನನ್ನು ಮಾಸ್ತರ್ರೇ ಎಂದು ಕರೆಯತೊಡಗಿದ್ದೆ. ಕರೆದಾಗಲೆಲ್ಲ ಯಾರನ್ನೋ ಕರೆದರೆಂಬಂತೆ ಹಿಂದೆ ತಿರುಗಿ ನೋಡುತ್ತಿದ್ದ.

ಮುಂದಿನ ಬೆಂಚಿನಲ್ಲಿ ಯಾವುದೋ ಹಳ್ಳಿಯ ಗೌಡರು. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ಕೂಡಬಹುದಾದ ಜಾಗಕ್ಕೆಲ್ಲ ಜಮಖಾನೆ ಹಾಸಿ ಒಬ್ಬರೇ ಕುಳಿತಿದ್ದರು. ಅವರ ದನಿ ಕೇಳಬೇಕೆಂದರೆ ಬಾಯಿ ತುಂಬ ಎಲೆ ತುಂಬಿಕೊಂಡು ಖಾಲಿ ಕೊಡದೊಳಗೆ ಮುಖವಿಟ್ಟು ಮಾತಾಡಿ ನೋಡಿ. ಹೆಚ್ಚು ಕಡಿಮೆ ಹತ್ತಿರ ಬರುತ್ತದೆ.

ಗಬ್ಬೂರು ದಾಟಿದ ಮೇಲೆ ಒಂದು ದಿಬ್ಬ. ಬಸ್ಸು ಅರ್ಧ ಏರಿ ಕೆಮ್ಮಿತು, ನಡುಗಿತು, ಹಿಂದಕ್ಕೆ ಜಾರಿತು. ಡ್ರೈವರ್ ಶಂಶುದ್ದೀನ್ ಇಳಿದು ಪೀಪಾಯಿಗೆ ಇದ್ದಿಲು ಸುರಿದ. ಮತ್ತೆ ಏರಿತು, ಮತ್ತೆ ಜಾರಿತು. ಇಳಿದು ನೋಡಿದರೆ ಹೊರಗೆ ಕಾಣುವ ಕೊಳವೆಗೆಲ್ಲ ಕರಿ ಕಂಬಳಿ ಸುತ್ತಿ, ಮೇಲೊಂದು ತಾಯಿತ ಬಿಗಿದಿದೆ. ಚಳಿಗಾಲದ ಬೆಳಗಿನಲ್ಲಿ ಇಂಜಿನ್ನು ಏಳಲಿಲ್ಲವೆಂದು ಸುತ್ತಿದ್ದನಂತೆ. ಆಮೇಲೆ ಎದ್ದಿತಂತೆ. ಅಂದಿನಿಂದ ಬಿಚ್ಚಿಲ್ಲ.

“ಗ್ಯಾಸ್ ಥಂಡಿ ಆತಂದ್ರ ಅದ್ರಾಗ ಜೋರ್ ಇರಂಗಿಲ್ರೀ ಸಾಹೇಬ್,” ಎಂದ.

ನಡುವಿನ ಬೆಂಚಿನಲ್ಲಿ ಗದ್ದೆಮ್ಮ ಎಂಬಾಕೆ ದೇವದುರ್ಗದ ಸಂತೆಗೆಂದು ಮಂಡಾಳಿನ ಚೀಲ ತಬ್ಬಿಕೊಂಡು ಕುಳಿತಿದ್ದಳು. ಅಕ್ಕಿ ಹುರಿದು ಉಬ್ಬಿಸುವುದು ಆಕೆಯ ಕಸುಬು. ಒಂದು ಸೇರು ಅಕ್ಕಿ ಉಂಡವನು ಈ ದಿಬ್ಬ ಏರುತ್ತಾನೆಯೇ ಎಂದು ಆಕೆಯನ್ನು ಕೇಳಿದೆ. ಓಡಿ ಏರುತ್ತಾನೆ ಎಂದಳು. ಒಂದು ಸೇರು ಮಂಡಾಳು ತಿಂದವನು?

“ಎರಡ ಹೆಜ್ಜಿಗೆ ಕುಂದ್ರತಾನ. ಉಬ್ಬಿದ್ದು ನೋಡಾಕ ಭಾಳ, ಹೊಟ್ಟಿಗೆ ಏನದ?”

“ನಿಮ್ಮ ಇಂಜಿನ್ ಮಂಡಾಳ ತಿನ್ನಾಕತ್ತದ, ಶಂಶುದ್ದೀನ್,” ಎಂದೆ.

ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು ಮೀಸೆ ತಿರುವುತ್ತ ಉರ್ದುವಿನಲ್ಲಿ ಕಲಿಸಿದ್ದನ್ನೇ, ಅದೇ ಮೂಗುದನಿಯಲ್ಲಿ, ಕನ್ನಡಕ್ಕೆ ಇಳಿಸಿದೆ. ಒತ್ತಡ ಇದ್ದಂತೆಯೇ ಇದ್ದರೆ ಅನಿಲ ಬಿಸಿಯಾದಷ್ಟೂ ಹಿಗ್ಗುತ್ತದೆ, ತಂಪಾದಷ್ಟೂ ಕುಗ್ಗುತ್ತದೆ. ಇಂಜಿನ್ನಿನ ಹೊಟ್ಟೆ ಮಾತ್ರ ಹಿಗ್ಗುವುದಿಲ್ಲ. ಅದು ಸೇರು ಇದ್ದಂತೆ. ಪ್ರತಿ ಗುಟುಕಿಗೂ ಅಷ್ಟೇ ಜಾಗ. ಬಿಸಿ ಗ್ಯಾಸು ಆ ಜಾಗವನ್ನು ತುಂಬುತ್ತದೆ, ಆದರೆ ಅದರಲ್ಲಿ ಉರಿಯುವ ಸರಕು ಕಡಿಮೆ. ತಂಪು ಗ್ಯಾಸು ಮುದುಡಿಕೊಂಡು ಬರುವುದರಿಂದ ಅದೇ ಗುಟುಕಿನಲ್ಲಿ ಹೆಚ್ಚು ಸರಕು. ಚಳಿಗಾಲದಲ್ಲಿ ಇಂಜಿನ್ನು ಎದ್ದದ್ದು ಕಂಬಳಿಯಿಂದಲ್ಲ, ನೀವು ಹ್ಯಾಂಡಲ್ ಹೊಡೆದು ಹೊಡೆದು ಬೆವರಿದ್ದರಿಂದ.

ಶಂಶುದ್ದೀನ್ ಗೊಣಗುತ್ತಲೇ ಕಂಬಳಿ ಬಿಚ್ಚಿದ. ತಾಯಿತ ಮಾತ್ರ ಬಿಚ್ಚಲಿಲ್ಲ. ಆದರೆ ಹೊರಗಿನ ಗಾಳಿಯೇ ಬೆಂಕಿಯಾಗಿತ್ತು. ಕೊಳವೆ ಮುಟ್ಟಿದರೆ ಬೆರಳು ಸುಡುತ್ತಿತ್ತು. ಗೋಣಿಚೀಲ ತೊಯಿಸಿ ಕೊಳವೆಗೆ ಸುತ್ತಿ, ಮೇಲೆ ನೀರು ಹನಿಸುತ್ತ ಹೋದರೆ ದಿಬ್ಬ ಏರೀತು ಎಂದೆ. ನೀರು ದೂರವಿರಲಿಲ್ಲ. ರಸ್ತೆಯ ಬದಿಗೇ ಒಂದು ಗುಡಿ, ಗುಡಿಯ ಮುಂದೆ ಬಾವಿ, ಬಾವಿಯಲ್ಲಿ ಬೇಸಿಗೆಯಲ್ಲೂ ಹಸಿರಾಗದ ನೀರು.

ಹಂಪಯ್ಯ ಸೂರ್ಯನನ್ನು ನೋಡಿದ, ಬಾವಿಯನ್ನು ನೋಡಿದ, ನನ್ನನ್ನು ನೋಡಿದ. ಅವನು ಅತ್ತ ಹೆಜ್ಜೆ ಇಡುವಂತಿಲ್ಲ ಎಂಬುದನ್ನು ಅವನಿಗೂ ಹೇಳಬೇಕಿರಲಿಲ್ಲ, ನನಗೂ ಹೇಳಬೇಕಿರಲಿಲ್ಲ. ಶಂಶುದ್ದೀನನಿಗೆ ಗುಡಿಯ ಬಾವಿ ಆಗದು. ನಾನು ಡಬ್ಬಿ ಹಿಡಿದು ಹೋದೆ. ಪೂಜಾರಿ ಕಟ್ಟೆಯ ಮೇಲೆ ಮಲಗಿದ್ದವನು ಎದ್ದು ಕುಳಿತು, ನನ್ನ ಕುಲ ಕೇಳುತ್ತಾನೆಂದುಕೊಂಡರೆ ಬೆಂಚು ಕೇಳಿದ.

“ಮೋಟರಿನ್ಯಾಗ ಯಾವ ಬೆಂಚಿಗೆ ಕುಂತಿದ್ದಿ?”

ಕಡೆಯದು ಎಂದೆ. ಬಾಜೂಕೆ ಯಾರು ಎಂದ. ಬಾವಿಯತ್ತ ಬಾರದೆ ಬಸ್ಸಿನ ನೆರಳಲ್ಲೇ ನಿಂತಿದ್ದ ಹಂಪಯ್ಯನನ್ನು ದೂರದಿಂದಲೇ ಅಳೆದು, ಬಾವಿಯ ಹಗ್ಗವನ್ನು ತನ್ನ ತೊಡೆಯ ಕೆಳಗೆ ಎಳೆದುಕೊಂಡ. ಅವನಿಗೆ ತಗಲಿ ನಾನು, ನನಗೆ ತಗಲಿ ಮುಂದಿನವನು, ಅವನಿಗೆ ತಗಲಿ ಗದ್ದೆಮ್ಮ. ಹೀಗೆ ಇಡೀ ಬಸ್ಸು ಕೆಟ್ಟಿದೆಯಂತೆ. ಜಳಕ ಮಾಡಿ ಬಂದರೆ ನೀರು ಮುಟ್ಟಬಹುದಂತೆ. ಜಳಕಕ್ಕೆ ನೀರು ಕೊಡು ಎಂದರೆ, ಜಳಕವಾಗದೆ ಹೇಗೆ ಕೊಡಲಿ ಎಂದ. ದೇವದುರ್ಗದ ದಾರಿಯಲ್ಲಿ ಮೈಲಿಗೊಂದು ಮೈಲಿಗೆ.

ಇಡೀ ಬಸ್ಸಿನಲ್ಲಿ ಯಾರಿಗೂ ತಗಲದೆ ಕುಳಿತವರು ಗೌಡರೊಬ್ಬರೇ. ಅವರ ಬಳಿ ಹೋಗಿ, ಒಂದು ಡಬ್ಬಿ ಸೇದಿಕೊಟ್ಟರೆ ಎಲ್ಲರೂ ಹೊತ್ತಿಗೆ ಮುಟ್ಟುತ್ತೇವೆ, ಈ ಮಾಸ್ತರರ ಅನ್ನದ ಪ್ರಶ್ನೆ ಎಂದು ಬೇಡಿಕೊಂಡೆ.

“ಮೋಟರಿಗೆ ನೀರ ಹೊರಾಕ ನಾ ಏನ್ ಭಿಸ್ತಿ ಏನೋ?” ಎಂದಿತು ಕೊಡ.

ಪೂಜಾರಿ ಓಡುತ್ತ ಬಂದು ಅವರಿಗೊಂದು ತಂಬಿಗೆ ತಣ್ಣೀರು ಕೊಟ್ಟ. ಗೌಡರು ಅರ್ಧ ಕುಡಿದರು. ಉಳಿದರ್ಧದಲ್ಲಿ ಬಾಯಿ ಮುಕ್ಕಳಿಸಿ, ಸುಡುವ ಕೊಳವೆಯಿಂದ ಒಂದು ಗೇಣು ಆಚೆಗೆ, ಕೆಂಪಗೆ, ಮಣ್ಣಿಗೆ ಉಗಿದರು. ಆ ಉಗುಳು ಕೊಳವೆಯ ಮೇಲಾದರೂ ಬಿದ್ದಿದ್ದರೆ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆವು.

ಗುಡಿಯ ಹಿಂದಿನ ಎಮ್ಮೆ ಹೊಂಡದ ನೀರನ್ನು ಯಾರು ಬೇಕಾದರೂ ಮುಟ್ಟಬಹುದೆಂದು ಪೂಜಾರಿಯೇ ದಾರಿ ತೋರಿದ. ದೊಡ್ಡ ಉಪಕಾರ ಮಾಡಿದವನ ಮುಖ ಅವನದು. ಹೊಂಡದಲ್ಲಿದ್ದುದನ್ನು ನೀರು ಎನ್ನಲು ಬಾಯಿ ಬರುವುದಿಲ್ಲ. ಬೇಸಿಗೆ ಕುದಿಸಿ ಕುದಿಸಿ ಉಳಿಸಿದ ಹಸಿರು ಗಂಜಿ. ಎಮ್ಮೆಗಳ ಉಚ್ಚೆ, ಸಗಣಿ, ನಡುವೆ ಹೊಟ್ಟೆ ಉಬ್ಬಿ ತೇಲುವ ಒಂದು ಹೆಗ್ಗಣ. ಹಂಪಯ್ಯ ದಡದಲ್ಲಿ ನಿಂತು ತನ್ನ ಧೋತರವನ್ನೊಮ್ಮೆ ನೋಡಿಕೊಂಡ. ಕೋಟು ಬಿಚ್ಚಿ ಗದ್ದೆಮ್ಮನ ಕೈಗೆ ಕೊಡಹೋದ. ಆಕೆ ಹಿಂದು ಮುಂದು ನೋಡಿದಳು; ಆಮೇಲೆ ತೆಗೆದುಕೊಂಡಳು. ಅವನು ಮೊಳಕಾಲಿನವರೆಗೆ ಇಳಿದ. ಗೋಣಿಗಳನ್ನು ಅದ್ದಿ ಅದ್ದಿ ಕೊಟ್ಟ, ನಾನು ಹೊತ್ತೆ. ಸೋರಿದ್ದು ಇಬ್ಬರ ಮೈಮೇಲೂ ಸೋರಿತು.

ಹೊರಗಿನ ಕೊಳವೆಗೆ ಸುತ್ತಿ, ಬೆಂಚುಗಳ ಕೆಳಗಿನದಕ್ಕೂ ಸುತ್ತಿದೆವು. ಶಂಶುದ್ದೀನ್ ಬಸ್ಸು ಬಿಟ್ಟ. ದಿಬ್ಬ ಏರಿತು! ಗೊಣಗದೆ, ಜಾರದೆ ಏರಿತು. ಶಾಸ್ತ್ರ ಸುಳ್ಳಾಗಲಿಲ್ಲ.

ಆದರೆ ತಂಪಾದದ್ದು ಒಳಗಿನ ಗ್ಯಾಸು. ಹೊರಗಿನ ಹೊಂಡದ ನೀರು ಬಿಸಿಯಾಯಿತು. ಕೊಳವೆಯುದ್ದಕ್ಕೂ ಅದು ಹಬೆಯಾಗಿ, ಹಿಗ್ಗಿ, ಮೂಗುಗಳನ್ನು ಹುಡುಕುತ್ತ ಎದ್ದಿತು. ಕುದಿಸಿದ ಎಮ್ಮೆ ಉಚ್ಚೆಯ ನಾತ ಎಂಥದೆಂದು ತಿಳಿಯದವರು ಪುಣ್ಯವಂತರು. ಗದ್ದೆಮ್ಮ ಸೆರಗಿನಿಂದ ಮಂಡಾಳಿನ ಚೀಲದ ಬಾಯಿ ಮುಚ್ಚಿದಳು, ತನ್ನ ಬಾಯಿ ಮುಚ್ಚಲಿಲ್ಲ. ಇಂಜಿನ್ನಿನ ಕಾವೂ ಸೇರಿ ಗೌಡರ ಬೆಂಚಿನ ಬುಡದಲ್ಲಿ ಹಬೆ ಎಲ್ಲಕ್ಕಿಂತ ದಟ್ಟವಾಗಿತ್ತು. ಊರಿನ ನಾಥರು ನಾತದಲ್ಲಿ ಮುಳುಗಿ, ಜಮಖಾನೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದರು.

“ಗೌಡ್ರ, ಆ ಗೋಣಿ ಅದ್ದಿದ್ದು ಹಂಪಯ್ಯನ ಕೈಲೇರಿ,” ಎಂದಳು ಗದ್ದೆಮ್ಮ. “ಹಬಿ ಒಳಗ ತಗೊಬ್ಯಾಡ್ರಿ ಮತ್ತ. ಉಸಿರು ಬಿಗಿ ಹಿಡೀರಿ.”

ಗೌಡರು ಸ್ವಲ್ಪ ಹೊತ್ತು ನಿಜವಾಗಿಯೂ ಹಿಡಿದರು. ಮುಖ ಬದನೆಕಾಯಿಯಾಯಿತು. ಆಮೇಲೆ ಬಾಯಿ ತೆರೆದು ಹೊಂಡವನ್ನೆಲ್ಲ ಒಳಗೆ ಎಳೆದುಕೊಂಡು, ಗಾಳಿಗೆ ದೋಷ ಇಲ್ಲ ಎಂದು ಹಿರಿಯರೇ ಹೇಳಿದ್ದಾರೆ ಎಂದರು. ಯಾವ ಹಿರಿಯರು ಎಂದು ಯಾರೂ ಕೇಳಲಿಲ್ಲ. ಹತ್ತಿರದಲ್ಲಿ ಯಾರೋ ವಾಂತಿ ಮಾಡಿಕೊಂಡರು. ಹಂಪಯ್ಯನೊಬ್ಬನೇ ಮೂಗು ಮುಚ್ಚದೆ ಸೂರ್ಯನನ್ನೇ ನೋಡುತ್ತ ಕುಳಿತಿದ್ದ.

ದೇವದುರ್ಗ ಮುಟ್ಟಿದಾಗ ಹೊತ್ತು ಇಳಿದಿತ್ತು. ಕೋಟನ್ನು ಮತ್ತೆ ತೊಟ್ಟುಕೊಂಡ ಹಂಪಯ್ಯ ಓಡಿದ, ಅವನ ಹಿಂದೆ ನಾನು. ಕಚೇರಿಯ ಜವಾನ ಒಂದು ಕದ ಹಾಕಿಯಾಗಿತ್ತು. ಅಹಲಕಾರ ಟೋಪಿ ಹಾಕಿಕೊಂಡು ಏಳುತ್ತಿದ್ದ. ಹುಕುಮು ಓದಿದ, ಹೆಸರು ಓದಿದ, ಕೇರಿ ಕೇಳಿದ. ಅಷ್ಟರಲ್ಲಿ ನಾತ ಮೇಜಿನ ಆಚೆಗೆ ಹೋಗಿ ಅವನನ್ನು ಮುಟ್ಟಿತು. ರುಮಾಲನ್ನು ಮೂಗಿಗೆ ಒತ್ತಿಕೊಂಡು, ಇದೆಂಥ ಹೊಲಸು, ಹೊರಗೆ ನಡಿ, ಜಳಕ ಮಾಡಿಕೊಂಡು ಶನಿವಾರ ಬಾ ಎಂದ.

ಹಂಪಯ್ಯ ಹೊರಗೆ ನಡೆಯಲಿಲ್ಲ. ಇನ್ನೊಂದು ಹೆಜ್ಜೆ ಒಳಗೆ ಬಂದ.

“ಇಲ್ರೀ. ಇವತ್ತಿನ ತಾರೀಖಿಗೆ ದಸ್ತಖತ್ ಹಾಕಿಸ್ಕೊಳ್ರಿ. ಹಾಕಿಸ್ಕೊಂಡ್ರ ಹೋಗ್ತೀನಿ. ಇಲ್ಲಂದ್ರ ಇಲ್ಲೇ ಕುಂದ್ರತೀನಿ.”

ಕುಳಿತೂ ಬಿಟ್ಟ, ಮೇಜಿನ ಎದುರಿಗೆ, ಧೋತರದ ಹಸಿರು ನೀರು ನೆಲಕ್ಕೆ ಹನಿಯುತ್ತಿದ್ದಂತೆ. ಜವಾನ ಬಾಗಿಲಾಚೆಗೆ ಓಡಿದ. ಅಹಲಕಾರ ನನ್ನ ಕಡೆ ನೋಡಿದ. ನಾನೂ ಒಂದು ಹೆಜ್ಜೆ ಒಳಗೆ ಬಂದೆ. ಬೇರೆ ದಿನವಾಗಿದ್ದರೆ ಇಂಥ ಕೆಲಸಕ್ಕೆ ಅವನು ಎಷ್ಟು ಸಲ ತಿರುಗಿಸುತ್ತಿದ್ದನೋ. ಅಂದು ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯ ರೂಲುಕಟ್ಟಿಗೆಯಿಂದ ಕಾಗದವನ್ನೂ ಲೇಖಣಿಯನ್ನೂ ಮೇಜಿನ ಅಂಚಿಗೆ ತಳ್ಳಿದ. ಹಂಪಯ್ಯ ಎದ್ದು, ಬೆರಳುಗಳನ್ನು ಕೋಟಿನ ಒಳಮೈಗೆ ಒರೆಸಿಕೊಂಡು, ಅವಸರ ಮಾಡದೆ ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೆಸರು ಬರೆದ. ಬರೆದ ಕಾಗದವನ್ನು ಅಹಲಕಾರ ರೂಲುಕಟ್ಟಿಗೆಯಿಂದಲೇ ತನ್ನ ಕಡೆ ಎಳೆದುಕೊಂಡ.

ಹೊರಗೆ ಬಂದು ನಾನು ಖುಷಿಯಿಂದ ಅವನ ಬೆನ್ನು ತಟ್ಟಿದೆ. ಅಹಲಕಾರನ ಮುಚ್ಚಿದ ಮೂಗಿನ ದನಿಯನ್ನು ಅನುಕರಿಸಿ ತೋರಿಸಿದೆ. ಹಂಪಯ್ಯ ನಕ್ಕ, ಆದರೆ ತುಟಿಯಷ್ಟೇ. ಆಮೇಲೆ ಮುಚ್ಚಿದ ಬಾಗಿಲ ಕಡೆ ತಿರುಗಿ ನೋಡಿದ.

“ಇವತ್ತು ನಾತಕ್ಕ ಮೂಗ ಮುಚ್ಕೊಂಡ್ರು, ಬರೋಬರಿ ಅದ,” ಎಂದ. “ಸನಿವಾರ ಜಳಕಾ ಮಾಡಿ, ಒಗದ ಧೋತ್ರ ಉಟ್ಕೊಂಡು ಬರ್ತೀನಿ. ಅವತ್ತು ಏನ್ ಮುಚ್ಕೊಂತಾರ ನೋಡ್ಬೇಕ್ರಿ.”