ಮೂರನೆಯವಳ ಕೆಮ್ಮು

ನಮ್ಮ ದೇಶದಲ್ಲಿ ಶ್ವಾಸಕೋಶ ಬದಲಾಯಿಸಿಕೊಂಡವರಲ್ಲಿ ನನ್ನ ಹೆಂಡತಿ ಮೂರನೆಯವಳು. ಮೊದಲನೆಯವರು ಶಾಲಾ ಮೇಷ್ಟ್ರು. ಒಂದು ತಿಂಗಳು ಪತ್ರಿಕೆಗಳಲ್ಲಿ ನಗುತ್ತಿದ್ದರು, ಆಮೇಲೆ ತೀರಿಕೊಂಡರು. ಎರಡನೆಯವರು ಬಸ್ ಡ್ರೈವರ್, ಬದುಕಿದ್ದಾರೆ. ಒಬ್ಬರು ಹೋದರು, ಒಬ್ಬರು ಉಳಿದರು. ಇನ್ನು ತಕ್ಕಡಿ ಎತ್ತ ವಾಲುತ್ತದೆ ಎಂದು ಊರೆಲ್ಲ ನಮ್ಮ ಮನೆಯ ಕಡೆ ನೋಡುತ್ತಿತ್ತು. ಇಂಥ ಮರ್ಯಾದೆಯನ್ನು ನಾನೇನೂ ಬೇಡಿರಲಿಲ್ಲ.

ನಾನು ಕ್ಷೌರಿಕ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹಲಗೆ ಹಾಸಿದ ಹಳೆಯ ನೆಲ. ಮೇಲೆ ಚಮಚ ಬಿದ್ದರೂ ಕೆಳಗೆ ಕುರ್ಚಿಯಲ್ಲಿ ಕೂತವರು ತಲೆಯೆತ್ತುತ್ತಾರೆ. ನನ್ನವಳು ಮೇಲೆ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಮಷೀನಿನ ಸದ್ದು, ಅದರ ನಡುನಡುವೆ ಕೆಮ್ಮು. ಬರುಬರುತ್ತಾ ಕೆಮ್ಮು, ನಡುನಡುವೆ ಮಷೀನು. ಕೊನೆಗೆ ಮಷೀನು ನಿಂತೇಹೋಯಿತು, ಕೆಮ್ಮು ಮಾತ್ರ ಉಳಿಯಿತು. ಅವಳ ಶ್ವಾಸಕೋಶ ಒಣಗಿದ ಹೀರೆಕಾಯಿ ನಾರಿನ ಹಾಗಾಗಿದೆ, ಯಾಕೆ ಅಂತ ಗೊತ್ತಿಲ್ಲ ಎಂದರು ಡಾಕ್ಟರು. ಗೊತ್ತಿಲ್ಲ ಎನ್ನುವುದಕ್ಕೆ ಅಷ್ಟೊಂದು ಓದಬೇಕಿತ್ತೇ ಎಂದು ನನಗೆ ಸಿಟ್ಟು ಬಂದಿತ್ತು.

ಆ ಕೆಮ್ಮಿನ ಬಗೆಗಳೆಲ್ಲ ನಮಗೆ ಬಾಯಿಪಾಠ. ಒಣ ಕೆಮ್ಮಾದರೆ ಸರಿ. ಎಳೆದೆಳೆದು ಬಂದರೆ ನಾನು ಕತ್ತಿ ಕೆಳಗಿಟ್ಟು ಮೇಲಕ್ಕೆ ಓಡಬೇಕು. ಸೊಸೆ ಕೆಮ್ಮುವಷ್ಟು ಹೊತ್ತೂ ನನ್ನ ಅಮ್ಮ ತನ್ನ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. "ನಿನ್ನ ಹೆಂಡ್ತಿಗಿಂತ ಮೊದ್ಲು ನಾನೇ ಹೋಗ್ತೀನಿ ನೋಡು" ಎನ್ನುತ್ತಿದ್ದಳು.

ಮೊದಲೆಲ್ಲ ಈ ಆಪರೇಷನ್ ಬೇಕಾದವರು ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗಬೇಕಿತ್ತು. ಆಮೇಲೆ ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿ ಸರ್ಕಾರವೇ ಕಾರ್ಯಕ್ರಮ ಶುರುಮಾಡಿತು. ಮಂತ್ರಿಗಳು ಬಂದರು, ರಿಬ್ಬನ್ ಕತ್ತರಿಸಿದರು. ನನ್ನವಳ ಹೆಸರೂ ಕಾಯುವವರ ಸಾಲಿಗೆ ಸೇರಿತು. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ನಿವೃತ್ತ ಗುಮಾಸ್ತರು ಕೂತಿದ್ದರು. ಪತ್ರಿಕೆ ಮಡಚುತ್ತಾ, "ಪ್ರಥಮ ಚುಂಬನೇ ದಂತಭಗ್ನಂ ಅಂದ್ಹಾಗಾಯ್ತಲ್ಲಪ್ಪಾ" ಎಂದು ನಕ್ಕರು. ಕಾಯುವವರ ಸಾಲಿನಲ್ಲಿ ನನ್ನ ಹೆಂಡತಿ ಇದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಕತ್ತಿ ಅವರ ಗಂಟಲ ಮೇಲಿತ್ತು. ಅಷ್ಟು ವರ್ಷ ಒಮ್ಮೆಯೂ ನಡುಗದ ಕೈ ಅವತ್ತು ನಡುಗಿತು.

ಯಾರದೋ ಮನೆಯಲ್ಲಿ ಅಳುವ ದಿನ, ಶ್ವಾಸಕೋಶ ಸಿಕ್ಕಿದೆ ಎಂದು ನಮ್ಮ ಮನೆಗೆ ಫೋನ್ ಬಂತು. ಆಪರೇಷನ್ ಇಡೀ ದಿನ ನಡೆಯಿತು. ಸರ್ಜನ್ ಹೊರಗೆ ಬಂದು ಅಮ್ಮನ ಹತ್ತಿರ ಬಗ್ಗಿ ಮಾತಾಡುವಾಗ ನನಗೆ ಕಂಡದ್ದು ಅವರ ಕತ್ತು. ಕೂದಲು ಕಾಲರಿನ ಮೇಲಕ್ಕೆ ಬೆಳೆದಿತ್ತು. ತಿಂಗಳುಗಟ್ಟಲೆ ಕ್ಷೌರಕ್ಕೆ ಪುರುಸೊತ್ತಾಗದ ಕತ್ತು ಅದು. ಮೇಷ್ಟ್ರನ್ನು ಕಳೆದುಕೊಂಡ ಈ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದಾರೆ ಅನ್ನಿಸಿತು. ಅದರಿಂದ ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು.

ಮನೆಗೆ ಕಳಿಸುವ ಮುಂಚೆ ನರ್ಸಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ನೋಡಿ, ಹೊಸ ಶ್ವಾಸಕೋಶಕ್ಕೆ ಹೋಗೋ ನರಗಳು ಕತ್ತರಿಸಿಹೋಗಿರುತ್ವೆ. ಒಳಗೆ ಕಫ ಕಟ್ಟಿದ್ರೂ ಅದು ನಿಮಗೆ ಹೇಳಲ್ಲ. ಅದಕ್ಕೇ ಕೆಮ್ಮು ಬರಲಿ ಬಿಡಲಿ, ಬೆಳಿಗ್ಗೆ ಸಂಜೆ ನೀವೇ ಜೋರಾಗಿ ಕೆಮ್ಮಬೇಕು. ದಿನಾ ಈ ಯಂತ್ರಕ್ಕೆ ಊದಿ, ಎಷ್ಟು ಬಂತು ಅಂತ ನನಗೆ ಹೇಳಬೇಕು." ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಕಸುಬಿನಿಂದ ಬಂದ ಚಾಳಿ. ಕುರ್ಚಿಯಲ್ಲಿ ಕೂತವರು ಏನು ಹೇಳಿದರೂ ಆಡಿಸುತ್ತೇನೆ.

ಅಂಗಡಿಯ ಕೂದಲು, ಧೂಳು ಮೇಲೆ ಹೋಗಬಾರದೆಂದು ಮೆಟ್ಟಿಲ ತುದಿಗೊಂದು ಬಾಗಿಲು ಹಾಕಿಸಿದೆವು. ಅದಕ್ಕೆ ಗಾಜಿನ ಕಿಂಡಿ. ಸ್ನಾನ ಮಾಡಿ ಬಟ್ಟೆ ಬದಲಿಸದೆ ನಾನು ಆ ಬಾಗಿಲು ದಾಟುವಂತಿರಲಿಲ್ಲ. ದಿನಾ ಬೆಳಿಗ್ಗೆ ನರ್ಸಮ್ಮನ ಫೋನು ಬರುತ್ತಿತ್ತು. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ, ನೇರವಾಗಿ "ಊದಿದ್ರಾ?" ಅಮ್ಮ ಅವರಿಗೆ ಊದಮ್ಮ ಎಂದೇ ಹೆಸರಿಟ್ಟಳು.

ಮೊದಲ ದಿನ ಬೆಳಿಗ್ಗೆ ಮೇಲಿಂದ ಕೆಮ್ಮು ಕೇಳಿಸಿತು. ನರ್ಸಮ್ಮ ಹೇಳಿದ್ದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಗಿರಾಕಿಯ ಅರ್ಧ ಗಲ್ಲಕ್ಕೆ ನೊರೆ ಹಚ್ಚಿ ಬಿಟ್ಟು ಮೆಟ್ಟಿಲು ಹಾರಿದೆ. ಬಾಗಿಲು ದಾಟುವಂತಿಲ್ಲವಲ್ಲ, ಕಿಂಡಿಗೆ ಮುಖ ಒತ್ತಿ ನಿಂತೆ. ಒಳಗೆ ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಹಿಡಿದು ನಿಂತಿದ್ದಳು. ನನ್ನವಳು ನಮ್ಮಿಬ್ಬರನ್ನೂ ನೋಡಿದಳು.

"ಏನಿಲ್ಲ ರೀ, ಸುಮ್ನೆ ಕೆಮ್ಮಿದ್ದು. ಅವರು ಹೇಳಿದ್ರಲ್ಲ."

"ಅಷ್ಟು ಜೋರಾಗಿ ಬೇಕಾ?" ಎಂದೆ ಗಾಜಿನ ಈಚೆಯಿಂದ.

ಸಂಜೆಯೂ ಅದೇ. ಮರುದಿನವೂ ಅದೇ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆ ಕಂಡರೂ ಹೆದರುತ್ತದಂತೆ. ನಾವು ವರ್ಷಗಟ್ಟಲೆ ಸುಟ್ಟುಕೊಂಡವರು. ಅವಳು ಕೆಮ್ಮಿದಾಗೆಲ್ಲ ನಾನು ಕಿಂಡಿಯಲ್ಲಿ ಹಾಜರು, ಅಮ್ಮ ಉಸಿರು ಹಿಡಿದು ಹಾಜರು. ಗಿರಾಕಿಗಳು ತಮಾಷೆ ಮಾಡತೊಡಗಿದರು. "ಒಂದು ಕಡೆ ಮೀಸೆ ಬಿಟ್ಟು ಓಡ್ಬೇಡ ಮಾರಾಯ, ಹೆಂಡ್ತಿ ಮನೆಗೆ ಸೇರಿಸಲ್ಲ" ಎಂದರೊಬ್ಬರು.

ಆಮೇಲೆ ಕೆಮ್ಮು ಸಣ್ಣದಾಯಿತು. ಮತ್ತೆ ಕೆಲವು ದಿನಕ್ಕೆ ಕೇಳಿಸುವುದೇ ನಿಂತಿತು. ಅಬ್ಬಾ, ಆ ಮೌನ! ಮೇಲೆ ಮಷೀನು ಮತ್ತೆ ತಿರುಗತೊಡಗಿತ್ತು, ಅದರ ಸದ್ದೊಂದೇ ಕೇಳುತ್ತಿತ್ತು. ನಾನು ಗಿರಾಕಿಗಳಿಗೆಲ್ಲ ಹೇಳಿದೆ, "ಕೇಳ್ತಾ? ಒಂದೂ ಕೆಮ್ಮಿಲ್ಲ!" ಅಮ್ಮನ ಮುಖಕ್ಕೆ ಬಣ್ಣ ಬಂತು. ನಾನು ಕತ್ತಿ ಮಸೆಯುತ್ತಾ ಶಿಳ್ಳೆ ಹಾಕಿದೆ.

ಒಂದು ಬೆಳಿಗ್ಗೆ ಊದಮ್ಮನ ಫೋನು ನನಗೇ ಬಂತು. ದನಿಯಲ್ಲಿ ಅವಸರವಿತ್ತು.

"ಯಜಮಾನ್ರೇ, ನಿನ್ನೆಗಿಂತ ಇವತ್ತು ಕಡಿಮೆ ಊದಿದ್ದಾರೆ. ನಿನ್ನೆಯೂ ಇಳಿದಿತ್ತು. ಅವರಿಗೆ ಏನಾದ್ರೂ ಅನ್ನಿಸ್ತಿದೆಯಾ? ಕೆಮ್ಮು?"

"ಕೆಮ್ಮೇ ಇಲ್ಲಮ್ಮಾ!" ಎಂದೆ, ಒಳ್ಳೆ ಸುದ್ದಿ ಹೇಳುವವನ ಹಾಗೆ.

"ಈಗಲೇ ಕರ್ಕೊಂಡು ಬನ್ನಿ" ಎಂದರು.

ಟ್ಯಾಕ್ಸಿಯಲ್ಲಿ ಅಮ್ಮ ಮುಂದೆ, ನನ್ನವಳು ನನ್ನ ಪಕ್ಕ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಕೈ ಬೆಚ್ಚಗಿತ್ತು, ತುಸು ಹೆಚ್ಚೇ ಬೆಚ್ಚಗಿತ್ತು. ಮೇಷ್ಟ್ರಿಗೂ ಹೀಗೇ ಶುರುವಾಗಿತ್ತಂತೆ. ಮೊದಲು ಊದುವುದು ಇಳಿಯಿತು, ಆಮೇಲೆ ಹೊಸ ಶ್ವಾಸಕೋಶವನ್ನು ದೇಹವೇ ಒಲ್ಲೆ ಎಂದಿತು. ಅದನ್ನು ನಾನೂ ಓದಿದ್ದೆ, ಅವಳೂ ಓದಿದ್ದಳು. ದಾರಿಯುದ್ದಕ್ಕೂ ನಾವಿಬ್ಬರೂ ಆ ಮಾತೆತ್ತಲಿಲ್ಲ. ಅಂಗಡಿಯ ಬಾಗಿಲು ಎಳೆದಿದ್ದೇನೋ ಇಲ್ಲವೋ ಎಂದು ನಾನು, ಎಳೆದಿದ್ದೀರಿ ಎಂದು ಅವಳು, ಅದನ್ನೇ ಮತ್ತೆ ಮತ್ತೆ ಹೇಳಿಕೊಂಡೆವು.

ಆಸ್ಪತ್ರೆಯಲ್ಲಿ ಅವಳನ್ನು ತಕ್ಷಣ ಒಳಗೆ ಕರೆದುಕೊಂಡರು. ಗಂಟಲಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರಂತೆ. ಸರ್ಜನ್ ಒಳಗೆ ಹೋಗುವಾಗ ನಮ್ಮ ಮುಂದೆ ನಿಂತರು. ಕತ್ತಿನ ಕೂದಲು ಇನ್ನೂ ಹಾಗೇ ಇತ್ತು.

"ನಿಮ್ಮ ಹತ್ರ ಮುಚ್ಚುಮರೆ ಯಾಕೆ" ಎಂದರು. "ಇವರನ್ನ ಉಳಿಸಿಕೊಳ್ಳದಿದ್ರೆ ಕಾರ್ಯಕ್ರಮ ಸದ್ಯಕ್ಕೆ ನಿಲ್ಲಿಸ್ತೀವಿ ಅಂತ ಮೇಲಿನವರು ಹೇಳಿದ್ದಾರೆ. ಕಾಯ್ತಿರೋರು ತುಂಬಾ ಜನ ಇದ್ದಾರೆ."

ಹೆದರಿದವರ ಮೇಲೆ ಹಾವು ಎಸೆದಂತೆ. "ಕಾಯೋರೆಲ್ಲ ನನಗ್ಯಾಕೆ ಡಾಕ್ಟ್ರೇ? ನನಗೆ ಇರೋದು ಒಬ್ಬಳೇ" ಎಂದು ರೇಗಿದೆ. ಅವರು ನೊಂದುಕೊಳ್ಳಲಿಲ್ಲ. ನನ್ನ ಭುಜ ಒತ್ತಿ ಒಳಗೆ ಹೋದರು.

ಕಾರಿಡಾರಿನ ಬೆಂಚು ತಣ್ಣಗಿತ್ತು. ಎದುರಿಗೆ ಹಸಿರು ಬಾಗಿಲು. ಅದು ತೆರೆದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು, ಹೊರಗೆ ಬರುತ್ತಿದ್ದವರು ನೆಲ ಒರೆಸುವವರೋ ಟ್ರೇ ಹಿಡಿದವರೋ ಆಗಿರುತ್ತಿದ್ದರು. ಅಮ್ಮ ನನ್ನ ತೋಳು ಹಿಡಿದಿದ್ದಳು. ಅವಳು ಮತ್ತೆ ಉಸಿರು ಬಿಗಿಹಿಡಿದಿದ್ದಾಳೆಂದು ಆಮೇಲೆ ಗೊತ್ತಾಯಿತು. "ಉಸಿರಾಡಮ್ಮಾ" ಎಂದೆ. "ಹೂಂ" ಎಂದಳು, ಆಡಲಿಲ್ಲ. ನನ್ನವಳಿಲ್ಲದ ಮನೆ ಹೇಗಿರುತ್ತದೆಂದು ನನ್ನ ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿತು. ಮಷೀನಿಲ್ಲ, ಕೆಮ್ಮಿಲ್ಲ. ನಾನು ಇಷ್ಟು ದಿನ ಹೊಗಳಿದ ಮೌನ ಅದೇ ಅಲ್ಲವೇ?

ಕೊನೆಗೆ ಸರ್ಜನ್ ಬಂದು ನಮ್ಮನ್ನು ಒಳಗೆ ಕರೆದರು. ಅವಳು ಮಂಚದ ಮೇಲೆ ಒರಗಿ ಕೂತಿದ್ದಳು, ಸುಸ್ತಾಗಿದ್ದಳು. ಊದಮ್ಮ ಪಕ್ಕದಲ್ಲಿದ್ದರು.

"ನೋಡಿದ ಮಟ್ಟಿಗೆ ದೇಹ ಒಲ್ಲೆ ಅಂದ ಹಾಗೆ ಕಾಣಲ್ಲ. ಪರೀಕ್ಷೆಗೆ ಚೂರು ತೆಗೆದಿದ್ದೀವಿ" ಎಂದರು ಸರ್ಜನ್. "ಹೊಲಿದು ಸೇರಿಸಿದ ಜಾಗದ ಕೆಳಗೆ ಕಫ ಗಟ್ಟಿಯಾಗಿ ಬಿರಡೆ ಹಾಕಿದ ಹಾಗೆ ಕೂತಿತ್ತು. ಸೋಂಕು ಆಗಲೇ ಶುರುವಾಗಿದೆ. ಕಫ ತೆಗೆದಿದ್ದೀವಿ. ಇನ್ನೆರಡು ದಿನ ಬಿಟ್ಟಿದ್ರೆ ಏನಾಗ್ತಿತ್ತೋ ಹೇಳೋಕೆ ಆಗಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ದಿನಾ ಕೆಮ್ಮೋದು ಯಾಕಮ್ಮ ನಿಲ್ಸಿದ್ರಿ? ನೋವಿತ್ತಾ?"

ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ನೋವಿಲ್ಲ ಡಾಕ್ಟ್ರೇ. ನಾನು ಕೆಮ್ಮಿದ್ರೆ ಇವ್ರು ಓಡಿಬಂದು ಗಾಜಿಗೆ ಮುಖ ಒತ್ತಿ ನಿಲ್ತಾರೆ. ಅತ್ತೆ ಉಸಿರು ಬಿಡಲ್ಲ. ಆ ಮುಖಗಳನ್ನ ನೀವು ನೋಡಿಲ್ಲ. ಇಷ್ಟು ವರ್ಷ ಅದನ್ನೇ ನೋಡಿ ಸಾಕಾಗಿದೆ. ಕೆಮ್ಮದಿದ್ರೆ ಇವ್ರು ಕೆಳಗೆ ಶಿಳ್ಳೆ ಹಾಕ್ತಿದ್ರು. ಅದನ್ನ ಕೇಳ್ಕೊಂಡು ಸುಮ್ನಿದ್ದುಬಿಟ್ಟೆ."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಹೆದರಿಕೆಯೇ ಹೋಗಿ ಅವಳ ಎದೆಯಲ್ಲಿ ಕಟ್ಟಿಕೊಂಡಿತ್ತು. ನಾನು ಮಂಚದ ಪಕ್ಕ ಕೂತು ಅತ್ತೆ. ಸರ್ಜನ್ ಮುಂದೆ, ಊದಮ್ಮನ ಮುಂದೆ, ನಾಚಿಕೆಯಿಲ್ಲದೆ ಅತ್ತೆ. "ಇನ್ಮೇಲೆ ಹೆದರಲ್ಲ ಕಣೆ" ಎಂದೆ.

"ಆಗದ ಮಾತು ಆಡ್ಬೇಡಿ" ಎಂದಳು. ದನಿ ಸಣ್ಣಗಿತ್ತು, ಆದರೆ ಹಳೆಯ ಮೊನಚು ಇತ್ತು. "ನೀವು ಹೆದರ್ಕೊಳ್ಳಿ, ನಾನು ಕೆಮ್ತೀನಿ. ಅವರವರ ಕೆಲಸ ಅವರವರು ಮಾಡೋಣ."

ಜ್ವರ ಇಳಿಯುವವರೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಪರೀಕ್ಷೆಯ ಫಲಿತಾಂಶವೂ ಸರ್ಜನ್ ಹೇಳಿದಂತೆಯೇ ಬಂತು. ಕಾರ್ಯಕ್ರಮ ನಿಲ್ಲಲಿಲ್ಲ. ನಾಲ್ಕನೆಯವರಿಗೆ ಆಪರೇಷನ್ ಆಯಿತು, ಐದನೆಯವರಿಗೂ ಆಯಿತು. ಈಗ ಮನೆಗೆ ಕಳಿಸುವ ಮುಂಚೆ ಊದಮ್ಮ ರೋಗಿಯ ಜೊತೆ ಮನೆಯವರನ್ನೂ ಕೂರಿಸಿಕೊಂಡು, ಅವರೆದುರಿಗೇ ಕೆಮ್ಮಿಸುತ್ತಾರಂತೆ. ಆಗ ಬರೀ ತಲೆಯಾಡಿಸಿದರೆ ಸಾಲದು, ಯಾರೂ ಕೂತಲ್ಲಿಂದ ಏಳಬಾರದು. ಒಂದು ದಿನ ಸರ್ಜನ್ ನನ್ನ ಅಂಗಡಿಗೇ ಬಂದು ಕ್ಷೌರ ಮಾಡಿಸಿಕೊಂಡು ಹೋದರು. ಐದನೆಯವರು ಇನ್ನೂ ವೆಂಟಿಲೇಟರಿನಲ್ಲಿದ್ದಾರೆ ಎಂದರು. ಕುರ್ಚಿಯಲ್ಲಿ ಅವರ ಹೆಗಲು ಕೊನೆಯವರೆಗೂ ಸಡಿಲವಾಗಲಿಲ್ಲ.

ಮನೆಯಲ್ಲಿ ಅಮ್ಮ ಈಗ ಉಸಿರು ಹಿಡಿಯುವುದಿಲ್ಲ. ಸೊಸೆಯ ಪಕ್ಕ ಕೂತು ತಾನೂ ಕೆಮ್ಮುತ್ತಾಳೆ. "ನೀನೊಂದು, ನಾನೊಂದು" ಎನ್ನುತ್ತಾಳೆ. ಬಾಗಿಲ ಕಿಂಡಿಗೆ ನನ್ನವಳು ತಾನೇ ಹೊಲಿದ ಪರದೆ ಹಾಕಿದ್ದಾಳೆ. ಕೆಮ್ಮು ಕೇಳಿದರೆ ನಾನು ಮೆಟ್ಟಿಲು ಹತ್ತುವುದಿಲ್ಲ. ಆದರೆ ಕೆಮ್ಮು ಕೇಳುವವರೆಗೆ ಬೆಳಿಗ್ಗೆ ಯಾರ ಕೆನ್ನೆಗೂ ಕತ್ತಿ ತಾಗಿಸುವುದಿಲ್ಲ. ಗಿರಾಕಿಗಳಿಗೂ ಅದು ಅಭ್ಯಾಸವಾಗಿದೆ.

ಮೊನ್ನೆ ಗುಮಾಸ್ತರು ನೊರೆ ಹಚ್ಚಿಸಿಕೊಂಡು ಕೂತಿದ್ದರು. ನಾನು ಕತ್ತಿ ಹಿಡಿದು ಕಾದೆ. ಮೇಲೆ ಸದ್ದಿಲ್ಲ. ನೊರೆ ಒಣಗತೊಡಗಿತು. ಇನ್ನೂ ಸದ್ದಿಲ್ಲ. ಬೆನ್ನಿನಲ್ಲಿ ಬೆವರು ಇಳಿಯಿತು. ಮೆಟ್ಟಿಲ ಬುಡಕ್ಕೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಲೇ, ಕೆಮ್ಮೇ!"

"ಇರ್ರೀ! ಊದಮ್ಮನ ಹತ್ರ ಫೋನಲ್ಲಿದ್ದೀನಿ!" ಎಂದಿತು ಮೇಲಿನ ದನಿ. ಆಮೇಲೆ ತುಸು ಮೆತ್ತಗೆ, "ಹೆದರಿಬಿಟ್ರಾ?"

"ಇಲ್ಲ ಕಣೆ, ಹೆದರಿಕೆ ಏನು ಬಂತು" ಎಂದೆ.

ಗುಮಾಸ್ತರು ಕನ್ನಡಿಯಲ್ಲಿ ನನ್ನ ಕೈ ನೋಡುತ್ತಿದ್ದರು. "ಮೊದ್ಲು ಕತ್ತಿ ಕೆಳಗಿಟ್ಟು ಆಮೇಲೆ ಸುಳ್ಳು ಹೇಳಪ್ಪಾ" ಎಂದರು.

ಕತ್ತಿ ಕೆಳಗಿಟ್ಟೆ. ಅಷ್ಟರಲ್ಲಿ ಮೇಲಿಂದ ಕೆಮ್ಮು ಬಂತು. ಜೋರಾಗಿ, ಎದೆಯ ಆಳದಿಂದ, ಹಲಗೆ ನಡುಗುವಂತೆ. ಅದರ ಹಿಂದೆಯೇ ಅಮ್ಮನದೊಂದು. ನಾನು ಗುಮಾಸ್ತರ ಕೆನ್ನೆಗೆ ಹೊಸದಾಗಿ ನೊರೆ ಹಚ್ಚಿದೆ.